ಮಾಣಿಕಪ್ಪ ಕಾಕಾನ ಜಾರುಗಂಟು

ನಾನು ನಿಂತಿದ್ದು ಕಡೆಯ ಖೋಲಿಯ ಮುಂದೆ, ಕೆರೆಗೆ ಇಳಿಯುವ ಮೆಟ್ಟಿಲುಗಳಲ್ಲಿ ಮೇಲಿನಿಂದ ಎರಡನೆಯದರ ಮೇಲೆ. ಅರವತ್ತೆಂಟನೆಯ ಇಸವಿಯ ಭಾದ್ರಪದ, ಬೆಳಗಿನ ಆರೂವರೆ ಗಂಟೆ. ಬೆಳಕು ಚೆನ್ನಾಗಿ ಹರಿದಿತ್ತು; ಕಂಡದ್ದರ ಬಗ್ಗೆ ಸಂಶಯವಿಲ್ಲ. ಉಳಿದ ಏಳು ಮೆಟ್ಟಿಲುಗಳು ನೀರಿನೊಳಗಿದ್ದವು. ನನ್ನಿಂದ ಹದಿನೈದು ಹೆಜ್ಜೆ ದೂರದಲ್ಲಿ ಮಾಣಿಕಪ್ಪ ಕಾಕಾ ಎದೆಮಟ್ಟದ ಕೆಂಪು ನೀರಿನಲ್ಲಿ ನಿಂತಿದ್ದರು. ಉಸಿರು ಹಿಡಿದು ಮುಳುಗುವರು, ಮೇಲೆ ಬರುವರು, ಬಾಯೊಳಗಿನ ನೀರು ಉಗುಳಿ ಮತ್ತೆ ಮುಳುಗುವರು. ಹೀಗೆ ನಾಲ್ಕು ಸಲ. ನಾಲ್ಕನೆಯ ಸಲ ಮೇಲೆ ಬಂದಾಗ ಅವರ ತುಟಿಯಲ್ಲಿ ರಕ್ತವಿತ್ತು. ನೀರಿನೊಳಗೆ ಹಗ್ಗದ ಗಂಟನ್ನು ಹಲ್ಲಿನಿಂದ ಬಿಚ್ಚಲು ನೋಡಿದ್ದರು. ಬಿಚ್ಚಿರಲಿಲ್ಲ.

ಅಂದು ನಡೆದದ್ದನ್ನು ಹೇಳುವ ಮೊದಲು ಆ ಮನುಷ್ಯ ಎಂಥವರಾಗಿದ್ದರು ಎಂಬುದನ್ನು ಹೇಳಬೇಕು. ಇಲ್ಲದಿದ್ದರೆ ಅದು ಬರೀ ಒಂದು ಆಡು ಸತ್ತ ಕತೆಯಾಗುತ್ತದೆ.

ಹುಮನಾಬಾದಿನಿಂದ ರಾಜೇಶ್ವರದ ಕಡೆಗೆ ಹೋಗುವ ದಾರಿಯಲ್ಲಿ, ಡಾಂಬರು ರಸ್ತೆ ಬಿಟ್ಟು ಅರ್ಧ ಮೈಲಿ ಒಳಗೆ ಆ ಕೆರೆ. ಅದರ ದಂಡೆಯ ಮೇಲೆ ಸಾಲಾಗಿ ನಾಲ್ಕು ಖೋಲಿ, ಮುಂದೆ ನೀರಿಗೆ ಮುಖ ಮಾಡಿದ ಉದ್ದನೆಯ ಪಡಸಾಲೆ. ಜನ ಅದನ್ನು ‘ದಂಡಿ ಮನಿ’ ಎನ್ನುತ್ತಿದ್ದರು. ದನದ ಸಂತೆಗೆ ಬಂದವರು, ಗಿಳಿ ಹಿಡಿದು ಭವಿಷ್ಯ ಹೇಳುವವರು, ಮಂಗ ಆಡಿಸುವವರು, ಬೇಸಿಗೆಯಲ್ಲಿ ಎರಡು ದಿನ ತಂಪು ಗಾಳಿಗೆಂದು ಹೆಂಡಿರು ಮಕ್ಕಳು ನಾಯಿ ಸಮೇತ ಬರುವ ಪೇಟೆಯವರು, ಎಲ್ಲರಿಗೂ ಅಲ್ಲಿ ಜಾಗವಿತ್ತು. ಪೇಟೆಯ ವಸತಿಗೃಹಗಳಲ್ಲಿ ಪ್ರಾಣಿಗಳನ್ನು ಬಾಗಿಲ ಹೊರಗೆ ಬಿಡಬೇಕಿತ್ತು. ಇಲ್ಲಿ ಅವಕ್ಕೇ ಮೊದಲು ನೀರು. ಕಾಕಾ ಕಲ್ಲಿನ ಡೋಣಿಯಲ್ಲಿ ನೀರು ತುಂಬಿ, ದನವೋ ನಾಯಿಯೋ ಕುಡಿದು ಮುಖ ಎತ್ತುವವರೆಗೆ ಅದರ ಒಡೆಯನನ್ನು ಕೂಡ್ರಿ ಎನ್ನುತ್ತಿರಲಿಲ್ಲ.

ನಾನು ಪಕ್ಕದ ಹಳ್ಳಿಯ ಶಾಲೆಗೆ ಮಾಸ್ತರನಾಗಿ ಬಂದಾಗ ವಾಸಕ್ಕೆ ಮನೆ ಸಿಗದೆ ಅಲ್ಲಿಗೆ ಹೋದೆ. ಟ್ರಂಕು ಇಳಿಸಿದೆ. ಕಾಕಾ ನನ್ನ ಹಿಂದೆ ಮುಂದೆ ನೋಡಿದರು.

“ಮಾಸ್ತರ್ರ, ನಿಮ್ಮ ಕೂಡ ಯಾವ ಜೀವಾ ಬಂದಿಲ್ಲೇನ್ರಿ?”

“ಇಲ್ಲ. ಒಬ್ಬನೇ.”

“ಹಂಗಾರ ನೀವು ಎಂಥವರು ಅಂತ ನನಗ ಹೇಳೋರು ಯಾರು?”

ನಾನು ನೇಮಕದ ಕಾಗದ ತೆಗೆದೆ. ಅವರು ಅದನ್ನು ಮುಟ್ಟಲಿಲ್ಲ. ಕುಂಟುಗಾಲಿನ ತಮ್ಮ ನಾಯಿ ರಾಣಿಯನ್ನು ಕರೆದರು. ಅದು ನನ್ನ ಚಪ್ಪಲಿ ಮೂಸಿ, ಆಕಳಿಸಿ, ಅಲ್ಲೇ ಮಲಗಿತು. “ಆತು, ಕಡೀ ಖೋಲಿ ತಗೋರಿ” ಎಂದರು. ಆ ಖೋಲಿಯಲ್ಲಿ ನಾನು ಆರು ವರ್ಷ ಇದ್ದೆ.

ಎತ್ತರದ ಆಳು, ಸ್ವಲ್ಪ ಬಾಗಿದ ಬೆನ್ನು, ತಲೆಗೆ ಮಾಸಿದ ಕೆಂಪು ರುಮಾಲು, ಹೆಗಲ ಮೇಲೆ ಸದಾ ಒಂದು ತುಂಡು ಹಗ್ಗ. ಕೂತಲ್ಲಿ ಆ ಹಗ್ಗಕ್ಕೆ ಗಂಟು ಹಾಕುವುದು, ಬಿಚ್ಚುವುದು, ಮತ್ತೆ ಹಾಕುವುದು. ಕೈ ನೋಡುತ್ತಿರಲಿಲ್ಲ, ಕಣ್ಣು ಕೆರೆಯ ಮೇಲಿರುತ್ತಿತ್ತು.

ರಜಾಕಾರರ ಗಲಾಟೆಯ ಕಾಲದಲ್ಲಿ ಅವರು ಒಂದು ನಾಯಿಯ ಜೊತೆ ಊರು ಬಿಟ್ಟು ಸೊಲ್ಲಾಪುರ ದಾಟಿ, ಕೂಲಿ ಹುಡುಕುತ್ತ ರತ್ನಾಗಿರಿಯ ಕಡೆ ಸಮುದ್ರದವರೆಗೆ ಹೋಗಿದ್ದರಂತೆ. ದಾರಿಯುದ್ದಕ್ಕೂ ಎಲ್ಲ ಕಡೆ ಒಂದೇ ಮಾತು: ನೀನು ಒಳಗ ಬಾ, ನಾಯಿ ಹೊರಗಿರಲಿ. ಕಡೆಗೆ ಮರಳ ದಂಡೆಯ ಮೇಲೆ ಆಡು ಸಾಕಿಕೊಂಡಿದ್ದ ಒಬ್ಬ ಮುದುಕಿ ಇಬ್ಬರನ್ನೂ ತನ್ನ ಪಡಸಾಲೆಯಲ್ಲಿ ಇಟ್ಟುಕೊಂಡಳು. ಎರಡು ವರ್ಷ ಇದ್ದು, ಗಲಾಟೆ ಮುಗಿದ ಮೇಲೆ ಬಂದು, ತಮ್ಮ ಪಾಲಿನ ಕಲ್ಲು ನೆಲದಲ್ಲಿ ಆಕೆಯ ಮನೆಯಂಥದೇ ಮನೆ ಕಟ್ಟಿಸಿದರು. ಕಟ್ಟುವಾಗ ಊರವರು ನಕ್ಕಿದ್ದರು.

“ಮಾಣಿಕಪ್ಪ, ಸಮುದ್ರ ಎಲ್ಲಿ ಅದನೋ?”

“ಇದೇ ಸಮುದ್ರ. ಸಣ್ಣದು ಅದ, ಖರೆ. ಆದ್ರ ಇದರಾಗ ಉಪ್ಪಿಲ್ಲ. ದನಾ ಕುಡೀತಾವ.”

ಆ ಮುದುಕಿಯಿಂದ ಅವರು ತಂದ ಇನ್ನೊಂದು ವಸ್ತು ಜಾರುಗಂಟು. ಸಮುದ್ರದಲ್ಲಿ ಭರತಿ ಬರುತ್ತದೆ, ನೀರು ಉಬ್ಬಿ ದಂಡೆ ಏರುತ್ತದೆ. ದಂಡೆಯ ಮೇಲೆ ಕಟ್ಟಿದ ಆಡು ಗಂಟಿನಿಂದಾಗಿ ಮುಳುಗಬಾರದು. ಅದಕ್ಕೆ ಆಕೆ ಹಾಕುತ್ತಿದ್ದ ಗಂಟು ಬೇರೆ. ಆಡು ಸುಮ್ಮನೆ ಮೇಯುವಾಗ ಗಂಟು ನಿಲ್ಲುತ್ತದೆ, ಹೆದರಿ ಜೋರಾಗಿ ಜಗ್ಗಿದರೆ ಜಾರಿ ಬಿಚ್ಚಿಕೊಳ್ಳುತ್ತದೆ. ದಂಡಿ ಮನೆಯಲ್ಲಿ ಎಲ್ಲ ಪ್ರಾಣಿಗಳಿಗೂ ಅದೇ ಗಂಟು. ಒಡೆಯರು ಎಷ್ಟೇ ಬಿಗಿಯಾಗಿ ಕಟ್ಟಿರಲಿ, ಸಂಜೆ ದೀಪ ಹಚ್ಚುವ ಹೊತ್ತಿಗೆ ಕಾಕಾ ದಂಡೆಯ ಉದ್ದಕ್ಕೂ ನಡೆದು ಪ್ರತಿ ಗೂಟದ ಮುಂದೆ ಕೂತು, ಬಿಚ್ಚಿ, ತಮ್ಮ ಕೈಯಿಂದ ಮತ್ತೆ ಕಟ್ಟುವರು.

“ಕಾಕಾ, ನಮ್ಮ ಕೆರೀಗಿ ಭರತಿ ಎಲ್ಲಿ ಬರ್ತದ?” ಎಂದು ನಾನೇ ಒಮ್ಮೆ ಕೇಳಿದೆ.

“ಬರಂಗಿಲ್ಲ. ಬಂದ್ರ ಹೇಳಿ ಬರಂಗಿಲ್ಲ” ಎಂದರು. “ತಪ್ಪಿಸಿಕೊಂಡ ದನಾ ನಾ ಹುಡಿಕ್ಯಾಡಿ ತರ್ತೀನಿ ಮಾಸ್ತರ್ರ. ಅದು ನನ್ನ ಕೆಲಸ.”

ನಿಜವಾಗಿಯೂ ತರುತ್ತಿದ್ದರು. ವಾರಕ್ಕೊಮ್ಮೆಯಾದರೂ ಯಾರದೋ ಹೋರಿ, ಯಾರದೋ ಕತ್ತೆ ಹುಡುಕುತ್ತ ನಿರ್ಣಾದ ದಾರಿಯವರೆಗೆ ನಡೆದು ಬಂದು, ಪಾದದ ಮುಳ್ಳು ಕೀಳುತ್ತ ಕೂರುವರು. ಆಗ ಅವರ ಮುಖದ ಮೇಲೆ ದಣಿವಿರುತ್ತಿತ್ತು, ಬೇಸರ ಇರುತ್ತಿರಲಿಲ್ಲ.

ಒಂದು ಬೇಸಿಗೆ ಹೈದರಾಬಾದಿನ ಕಡೆಯ ಒಬ್ಬ ಸಾಹುಕಾರರು ಮೋಟಾರಿನಲ್ಲಿ ಹೆಂಡತಿ ಹಾಗೂ ಒಂದು ಬಿಳಿ ನಾಯಿಯ ಜೊತೆ ಬಂದರು. ಸಾಹುಕಾರರು ಬೆವರು ಒರೆಸಲು ಕೈ ಎತ್ತಿದರು, ನಾಯಿ ನೆಲಕ್ಕೆ ಅಂಟಿಕೊಂಡಿತು. ಕಾಕಾ ಅದನ್ನು ನೋಡಿದರು.

“ನಾಯಿಗೆ ಖೋಲಿ ಅದರಿ. ನಿಮಗಿಲ್ಲ.”

“ನಾವೆಲ್ಲಿ ಮಲಗಬೇಕ್ರೀ?”

“ಮೋಟಾರಿನ್ಯಾಗ ಮಲಗ್ರಿ. ಅದಕ್ಕ ಹೊಡೆದ್ರೂ ನೋಯಂಗಿಲ್ಲ.”

ಸಾಹುಕಾರರ ಮುಖ ಕೆಂಪಾಯಿತು. ಅವರ ಹೆಂಡತಿ ಸೆರಗು ಬಾಯಿಗಿಟ್ಟು ನಕ್ಕರು. ಸಂಜೆಯವರೆಗೂ ಸಾಹುಕಾರರು ಮೋಟಾರಿನ ನೆರಳಲ್ಲಿ ಕೂತಿದ್ದರು. ಆಮೇಲೆ ಕಾಕಾ ಅವರ ಕೈಗೆ ಅರ್ಧ ಜೋಳದ ರೊಟ್ಟಿ ಕೊಟ್ಟು, “ತುಂಡು ಮಾಡಿ ತಿನಸ್ರಿ, ಒಗೀಬ್ಯಾಡ್ರಿ” ಎಂದರು. ನಾಯಿ ಬಂದು ತಿನ್ನಲು ಬಹಳ ಹೊತ್ತು ಹಿಡಿಯಿತು. ತಿಂದ ಮೇಲೆ ಖೋಲಿಯ ಬಾಗಿಲು ತೆಗೆದರು. ಮುಂದಿನ ಮೂರು ಬೇಸಿಗೆ ಅದೇ ಸಾಹುಕಾರರು ಬಂದರು. ನಾಯಿ ಮೋಟಾರಿನಿಂದ ಮೊದಲು ಇಳಿಯುತ್ತಿತ್ತು.

ಇನ್ನು ನನ್ನ ಹಾಜರಿ ಪುಸ್ತಕದ ಸಂಗತಿ. ಅರವತ್ತೆಂಟರ ಆಷಾಢದಲ್ಲಿ ಯಾರದೋ ಒಂದು ಆಡು ಜಾರುಗಂಟು ಬಿಚ್ಚಿಕೊಂಡು ನನ್ನ ಖೋಲಿಗೆ ನುಗ್ಗಿ, ಶಾಲೆಯ ಹಾಜರಿ ಪುಸ್ತಕದ ಹನ್ನೊಂದು ಹಾಳೆ ತಿಂದಿತು. ಮರುದಿನವೇ ಶಾಲೆಯ ತಪಾಸಣೆ ಇತ್ತು. ಕಾಕಾ ರುಮಾಲು ಸುತ್ತಿಕೊಂಡು ನನ್ನ ಜೊತೆ ಶಾಲೆಗೆ ಬಂದು ಸಾಹೇಬರ ಮುಂದೆ ಕೈಮುಗಿದು ನಿಂತರು.

“ಸಾಹೇಬ್ರ, ಹಾಜರಿ ಆಡು ತಿಂದದರಿ. ಆದ್ರ ಹುಡುಗರು ಉಳದಾರ. ಅವರನ್ನೇ ನೋಡಿ ಬರಕೊಳ್ರಿ.”

ಮಕ್ಕಳು ನಕ್ಕರು. ಸಾಹೇಬರು ನಗಲಿಲ್ಲ. ನನಗೆ ಲಿಖಿತ ಎಚ್ಚರಿಕೆ ಬಂತು. ನಾನು ಇನ್ನೂ ಖಾಯಂ ಆಗಿರಲಿಲ್ಲ. ಇನ್ನೊಂದು ಕಾಗದ ಬಂದರೆ ಕೆಲಸ ಹೋಗುತ್ತಿತ್ತು. ಆ ಭಯ ನನ್ನೊಳಗೆ ಎರಡು ತಿಂಗಳು ಇತ್ತು. ಕಾಕಾನಿಗೆ ಅದನ್ನು ಹೇಳಲಿಲ್ಲ.

ಭಾದ್ರಪದದ ಆ ಸಂಜೆ ಕಾಶಮ್ಮ ಬಂದಳು. ದುಬಲಗುಂಡಿಯಲ್ಲಿ ಹೊಲದ ಕೂಲಿ ಮಾಡುವ ಹೆಂಗಸು, ಗಂಡ ಇರಲಿಲ್ಲ. ರಾಜೇಶ್ವರದಲ್ಲಿ ಅವಳ ಮಗಳು ಹೆತ್ತು ಹದಿನೈದು ದಿನ, ಎದೆಹಾಲು ಬಂದಿರಲಿಲ್ಲ. ಹಾಲು ಕೊಡುವ ತನ್ನ ಒಂದೇ ಆಡನ್ನು ಮಗಳಿಗೆ ಮುಟ್ಟಿಸಲು ನಡೆದು ಹೊರಟಿದ್ದಳು. ಬಸ್ಸಿನವನು ಆಡನ್ನು ಹತ್ತಿಸಿಕೊಂಡಿರಲಿಲ್ಲ.

“ಕಾಕಾ, ಇದೊಂದು ದಿನ ಇರ್ತೀನ್ರಿ. ಕಾಲು ಸೋತಾವ.”

“ಮೊದಲು ಅದಕ್ಕ ನೀರು ಕುಡಸು ಯವ್ವಾ. ಕೂಸಿನ ಹಾಲು ಹೊತ್ತು ಬಂದದ ಅದು.”

ಆಡನ್ನು ಮೆಟ್ಟಿಲ ಎಡಗಡೆಯ ತಗ್ಗಿನಲ್ಲಿ, ಹುಲ್ಲಿದ್ದಲ್ಲಿ ಕಟ್ಟಿದರು. ಕಾಕಾ ಎಂದಿನಂತೆ ಬಂದು ಬಿಚ್ಚಿ, ಜಾರುಗಂಟು ಹಾಕಿ, ಬೆನ್ನು ಹಿಡಿದುಕೊಂಡು ಎದ್ದು ಹೋದರು. ಇದನ್ನು ನಾನು ನೋಡಿದೆ.

ಅವರು ಹೋದ ಮೇಲೆ ನಾನು ಆ ಗೂಟದ ಹತ್ತಿರ ಹೋದೆ. ಹೊಸ ಹಾಜರಿ ಪುಸ್ತಕ ನನ್ನ ಖೋಲಿಯಲ್ಲಿತ್ತು, ಖೋಲಿಯ ಕದಕ್ಕೆ ಚಿಲಕ ಸರಿ ಇರಲಿಲ್ಲ. ಹಗ್ಗದ ಉಳಿದ ತುದಿಯನ್ನು ಕಾಕಾನ ಗಂಟಿನ ಮೇಲೆ ಒಂದು ಸುತ್ತು ಸುತ್ತಿ, ಒಳಗೆ ತೂರಿಸಿ, ಎರಡೂ ಕೈಯಿಂದ ಬಿಗಿದೆ. ಕಾಶಮ್ಮ ಪಡಸಾಲೆಯಲ್ಲಿ ಕೂತು ರೊಟ್ಟಿ ಬಿಚ್ಚುತ್ತಿದ್ದಳು.

“ಛಲೋ ಆತ್ರಿ ಮಾಸ್ತರ್ರ,” ಎಂದಳು. “ಹಗ್ಗ ಬಿಚ್ಕೊಳ್ಳೋದರಾಗ ಇದು ಭಾಳ ಶಾಣ್ಯಾ ಅದ.”

ಆ ರಾತ್ರಿ ನಮ್ಮಲ್ಲಿ ಮಳೆ ಬೀಳಲಿಲ್ಲ. ಮೇಲಿನ ಹಳ್ಳದ ಕಡೆ ಬಿದ್ದಿತ್ತು. ಬೆಳಿಗ್ಗೆ ರಾಣಿ ಬೊಗಳುವುದು ಕೇಳಿ ಹೊರಗೆ ಬಂದಾಗ ಕೆರೆಯ ನೀರು ಪಡಸಾಲೆಯ ಹತ್ತಿರ ಬಂದಿತ್ತು. ಎರಡು ಎತ್ತು, ಒಂದು ಕತ್ತೆ ಗಂಟು ಜಾರಿಸಿಕೊಂಡು ಮೇಲಿನ ದಿಬ್ಬದಲ್ಲಿ ನಿಂತು ಮೇಯುತ್ತಿದ್ದವು. ಕಾಕಾ ಆಗಲೇ ನೀರಿನಲ್ಲಿದ್ದರು. ಐದನೆಯ ಸಲ ಮುಳುಗುವ ಮೊದಲು, “ಕುಡಗೋಲು!” ಎಂದು ಕೂಗಿದರು. ಒಳಗಿನಿಂದ ತಂದು ಕೊಟ್ಟವನು ನಾನೇ. ಹಗ್ಗ ಕೊಯ್ದು, ಆಡನ್ನು ಎದೆಗೆ ಅವಚಿಕೊಂಡು ಮೆಟ್ಟಿಲು ಹತ್ತಿದರು. ಅದರ ಕುತ್ತಿಗೆ ಅವರ ತೋಳಿನ ಮೇಲೆ ಜೋತಿತ್ತು. ಕಾಶಮ್ಮ ಅಳಲಿಲ್ಲ. ಆಡಿನ ಕೆಚ್ಚಲು ಮುಟ್ಟಿ ನೋಡಿದಳು. ಅದು ತುಂಬಿತ್ತು. ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದಳು. ನಾನು ಕೆರೆಯ ಕಡೆ ತಿರುಗಿದೆ.

ನೀರು ಸ್ವಲ್ಪ ಇಳಿದ ಮೇಲೆ ಕಾಕಾ ಗೂಟವನ್ನು ಕಿತ್ತು ತಂದು ಗಂಟನ್ನು ನೋಡುತ್ತ ಕೂತರು. “ಒಂದು ಸುತ್ತು ಜಾಸ್ತಿ ಬಿದ್ದದ,” ಎಂದರು. “ನನ್ನ ಕೈ ಮರ್ತದ.” ಅದೇ ದಿನ ಮಧ್ಯಾಹ್ನ ತಮ್ಮ ಹಾಲು ಕೊಡುವ ಆಕಳನ್ನು ಹೊಡೆದುಕೊಂಡು ಕಾಶಮ್ಮನ ಜೊತೆ ರಾಜೇಶ್ವರಕ್ಕೆ ನಡೆದರು. ಆ ಕೂಸು ಉಳಿಯಿತು. ಕಾಕಾ ಬರಿಗೈಯಲ್ಲಿ ತಿರುಗಿ ಬಂದರು.

ಆಮೇಲೆ ಬಂದವರಿಗೆಲ್ಲ ಒಂದೇ ಮಾತು: “ಜೀವಾ ಇಟ್ಕೊಳ್ಳೋದು ಬಿಟ್ಟೀನ್ರಿ. ಕೈ ಮರ್ತವ ಇಟ್ಕೋಬಾರದು.” ಪ್ರಾಣಿಗಳಿಲ್ಲದೆ ಬರುವವರಿಗೆ ಆ ದೂರದ ಕೆರೆಯಲ್ಲಿ ಏನು ಕೆಲಸ? ಎರಡು ವರ್ಷದಲ್ಲಿ ಪಡಸಾಲೆಯ ಹೆಂಚು ಜಾರತೊಡಗಿದವು. ಡೋಣಿ ಒಣಗಿತು. ರಾಣಿ ಸತ್ತ ಮೇಲೆ ಕಾಕಾ ನಿರ್ಣಾದಲ್ಲಿದ್ದ ತಮ್ಮನ ಮನೆಗೆ ಹೋದರು. ನಾನು ಅಷ್ಟರೊಳಗೆ ಖಾಯಂ ಆಗಿ ಕಲ್ಯಾಣದ ಶಾಲೆಗೆ ವರ್ಗವಾಗಿದ್ದೆ.

ಕಡೆಯ ಸಲ ಅವರನ್ನು ನೋಡಿದ್ದು ಎಪ್ಪತ್ತೊಂಬತ್ತರಲ್ಲಿ, ನಿರ್ಣಾದ ಆ ಮನೆಯ ಹೊರಗಿನ ಕೋಣೆಯಲ್ಲಿ. ಹಾಸಿಗೆ ಹಿಡಿದಿದ್ದರು. ದಾರಿಯಲ್ಲಿ ಈ ಸಲ ಹೇಳಿಬಿಡಬೇಕು ಎಂದುಕೊಂಡಿದ್ದೆ. ಹೇಳಬೇಕಾದ ಮಾತನ್ನು ಬಸ್ಸಿನಲ್ಲಿ ಎರಡು ಸಲ ಬಾಯೊಳಗೇ ಆಡಿಯೂ ಇದ್ದೆ. ಹೆಗಲ ಮೇಲಿನ ಹಗ್ಗ ಅವರ ಬಳಿ ಇರಲಿಲ್ಲ. ತಲೆದಿಂಬಿನ ಕೆಳಗಿನಿಂದ ಆ ಗೂಟ ತೆಗೆದು ನನ್ನ ಕೈಗಿಟ್ಟರು. ಗಂಟು ಹನ್ನೊಂದು ವರ್ಷ ಹಾಗೆಯೇ ಇತ್ತು, ಕಲ್ಲಿನಂತೆ.

“ಮಾಸ್ತರ್ರ, ಆವತ್ತು ನೀವು ಅಲ್ಲೇ ಇದ್ರಿ. ನಾ ಆ ಆಡಿನ ಹಗ್ಗ ನೋಡಿದ್ನೋ, ಇಲ್ಲೋ?”

“ನೋಡಿದ್ರಿ ಕಾಕಾ. ಬಿಚ್ಚಿ ಕಟ್ಟಿದ್ರಿ.”

“ನೋಡೀನಿ ಅಂದ್ರ ತಪ್ಪು ನನ್ನ ಕೈದೇ ಆತು.” ಕಣ್ಣು ಮುಚ್ಚಿದರು. “ನೋಡಿಲ್ಲ ಅಂತೀರೇನೋ ಅಂದ್ಕೊಂಡಿದ್ದೆ. ನೋಡೋದು ಮರ್ತಿದ್ದೆ ಅಂದ್ರ ನಡೀತಿತ್ತು.”

ನನ್ನ ಬಾಯಿಗೆ ಮಾತು ಬಂದಿತ್ತು. ಅವರ ತಮ್ಮನ ಸೊಸೆ ಚಹಾ ಹಿಡಿದು ಒಳಗೆ ಬಂದಳು. ನಾನು ಚಹಾ ಕುಡಿದೆ. ಗೂಟವನ್ನು ಅವರ ಕೈಗೆ ತಿರುಗಿ ಕೊಟ್ಟೆ. ಆ ತಿಂಗಳೇ ಅವರು ಹೋದರು. ಸುದ್ದಿ ನನಗೆ ತಡವಾಗಿ ಮುಟ್ಟಿತು.

ಅದಕ್ಕೇ ಇದನ್ನು ಬರೆದಿದ್ದೇನೆ. ಮಾಣಿಕಪ್ಪ ಕಾಕಾನ ಕೈ ಮರೆತಿರಲಿಲ್ಲ. ಆ ಸಂಜೆಯೂ ಅದು ಸರಿಯಾಗಿಯೇ ಕಟ್ಟಿತ್ತು. ಮೇಲಿನ ಒಂದು ಸುತ್ತು ನನ್ನದು. ಅದನ್ನು ಸುತ್ತುವಾಗ ನೋಡಿದವಳು, ನನ್ನನ್ನು ಬಿಟ್ಟರೆ, ದುಬಲಗುಂಡಿಯ ಕಾಶಮ್ಮ ಒಬ್ಬಳೇ. ಆಕೆ ಇನ್ನೂ ಇದ್ದಾಳೆ.