ನೀರು ಅಲುಗಲಿಲ್ಲ

ತುರೋರಿಯ ರಸ್ತೆಬದಿಯ ಹೋಟೆಲಿನಲ್ಲಿ ಕೂತಿದ್ದಾಗ ಲಾರಿಯೊಂದು ಹಾದುಹೋಗಿ ಮೇಜಿನ ಮೇಲಿನ ಲೋಟದ ನೀರು ಸಣ್ಣಗೆ ನಡುಗಿತು. ಎದುರಿಗೆ ಅಕ್ಕನ ಮಗಳು ನೀಲಾ. ಅವಳ ಎದೆಯ ಪರೀಕ್ಷೆ ಮುಗಿಸಿಕೊಂಡು ಸೊಲ್ಲಾಪುರದಿಂದ ಬಂದು ಆಗಷ್ಟೇ ಬಸ್ಸಿಳಿದಿದ್ದೆವು. ನೀವು ನಮ್ಮ ಕಡೆಯವರಾಗಿದ್ದರೆ, ನಡುಗುವ ನೀರು ಕಂಡರೆ ಎದ್ದು ನಿಲ್ಲುವ ಚಾಳಿ ನಿಮಗೂ ಇದ್ದೀತು.

ತೊಂಬತ್ತಮೂರರ ಭೂಕಂಪದ ನಂತರ ಕಾಸಾರಶಿರಸಿಯ ನಮ್ಮ ಮನೆಯ ಕಿಟಕಿಯಲ್ಲಿ ತುಂಬಿದ ತಂಬಿಗೆಯೊಂದು ಯಾವಾಗಲೂ ಇರುತ್ತಿತ್ತು. ನೆಲ ನಡುಗಿದಂತೆ ಅನ್ನಿಸಿದರೆ ಮೊದಲು ಅದನ್ನು ನೋಡುವುದು. ನೀರು ಅಲುಗಿದ್ದರೆ ಓಡುವುದು, ಇಲ್ಲದಿದ್ದರೆ ಕೆಲಸಕ್ಕೆ ಮರಳುವುದು. ಆಗಿನ್ನೂ ಮದುವೆಯಾಗದ ಅಕ್ಕ ಮಾತ್ರ ನೋಡದೆಯೇ ಓಡುತ್ತಿದ್ದಳು. ಕೈಯಲ್ಲಿದ್ದ ಮೊರ ಬಿಟ್ಟು, ಎದೆ ಹಿಡಿದುಕೊಂಡು ಅಂಗಳಕ್ಕೆ.

"ಬಂದಳ್ರೀ ಭೂಕಂಪದ ರಾಣಿ!" ಎನ್ನುತ್ತಿದ್ದಳು ನೆರೆಮನೆಯ ಗಂಗಮ್ಮ. "ನಿನ್ನ ಮಾತು ನಂಬಿ ಮೂರು ಸಲ ರೊಟ್ಟಿ ಸುಟಗೊಂಡೀನಿ."

"ಖರೇ ಅಳ್ಳಾಡ್ತದ ಅಪ್ಪಾ. ಇಲ್ಲಿ," ಎಂದು ಅಕ್ಕ ಎದೆ ತೋರಿಸುತ್ತಿದ್ದಳು.

ಅಪ್ಪ ತಂಬಿಗೆಯತ್ತ ಕೈಮಾಡುತ್ತಿದ್ದರು. "ನೋಡು, ನೀರು ನಿಂತಲ್ಲೇ ನಿಂತದ. ಹೆದರಿಕಿ ಬಿಡು."

ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ನಾನು ಆ ಹೆದರಿಕೆಗೆ ಮನಶ್ಶಾಸ್ತ್ರದ ಹೆಸರೊಂದನ್ನು ಬೇರೆ ಕೊಟ್ಟಿದ್ದೆ. ನೆಲ ಅಲುಗಿಲ್ಲವೆಂದರೆ ಏನೂ ಅಲುಗಿಲ್ಲ ಎಂದೇ ನಮ್ಮೆಲ್ಲರ ತೀರ್ಮಾನ.

ನೀಲಾ ಹುಟ್ಟಿದ ಮೇಲೆ ಉದಗೀರದ ಡಾಕ್ಟರೊಬ್ಬರು ಅಕ್ಕನ ಎದೆಯಲ್ಲಿ ಟಕ್ಕೆಂಬ ಸಪ್ಪಳ ಕೇಳಿ, ಎಕೋ ಪರೀಕ್ಷೆ ಮಾಡಿಸಿ, ನನ್ನೊಬ್ಬನನ್ನೇ ಒಳಗೆ ಕರೆದರು. ಚೀಟಿಯ ಹಿಂದೆ ಎರಡು ಕದದ ಬಾಗಿಲಿನ ಚಿತ್ರ ಬರೆದರು. ಹೃದಯದ ಕವಾಟದ ಕದಗಳು ಸಡಿಲ, ಬಡಿತಕ್ಕೊಮ್ಮೆ ಹಿಂದಕ್ಕೆ ಉಬ್ಬುತ್ತವೆ. ಬಹಳ ಜನರಿಗೆ ಹೀಗಿದ್ದೂ ಆಯುಷ್ಯವಿಡೀ ಏನೂ ಆಗುವುದಿಲ್ಲ. ಆದರೆ ಕದ ಸರಿಯಾಗಿ ಮುಚ್ಚದೆ ರಕ್ತ ಹಿಂದಕ್ಕೆ ಸೋರುವುದು ಹೆಚ್ಚಿದರೆ ಹೃದಯ ದಣಿದು ಹಿಗ್ಗುತ್ತದೆ.

"ಇವರಿಗಿ ಸ್ವಲ್ಪ ಸೋರ್ತದ. ವರ್ಷಕ್ಕೊಮ್ಮಿ ತೋರಿಸ್ರಿ. ದಮ್ಮು ಹತ್ತಿದ್ರ ತಡಾ ಮಾಡಬ್ಯಾಡ್ರಿ."

ಹೊರಗೆ ಬೆಂಚಿನ ಮೇಲೆ ಅಕ್ಕ. "ಏನಂದ್ರೋ?"

"ಏನಿಲ್ಲಕ್ಕಾ. ಭಾಳ ಮಂದಿಗಿ ಇರ್ತದಂತ."

ಅವಳು ನಕ್ಕಳು. ಎಷ್ಟೋ ತಿಂಗಳ ಮೇಲಿನ ಆ ನಗೆಯನ್ನು ಕೆಡಿಸಲು ಮನಸ್ಸಾಗದೆ ಉಳಿದರ್ಧವನ್ನು ನುಂಗಿಕೊಂಡೆ. ಆಮೇಲೆ ಭಾವನಿಗೆ ಹೇಳಿದೆನೆಂದು ನನ್ನ ನೆನಪು. ಆ ದಿನದ ಡೈರಿಯಲ್ಲಿರುವುದು ಮಾತ್ರ ಎರಡೇ ಪದ: ಗಂಭೀರವೇನೂ ಇಲ್ಲ. ಭಾವ ಇವತ್ತಿಗೂ ಕೇಳುತ್ತಾನೆ, "ನೀ ಹೇಳಿದ್ರ ನಾ ಸುಮ್ಮ ಕೂಡತಿದ್ನೇನೋ?" ನೆನಪು ನನ್ನ ಪರವಾಗಿ ವಕಾಲತ್ತು ಮಾಡುತ್ತದೆ, ನಾನು ಅದನ್ನು ನಂಬುವುದಿಲ್ಲ.

ಕೆಲವು ವರ್ಷಗಳ ಮೇಲೆ ಮೆಟ್ಟಿಲು ಹತ್ತುವಾಗ ಅಕ್ಕನಿಗೆ ದಮ್ಮು ಹತ್ತತೊಡಗಿತು. ಮನೆಯವರು ಹಳೆಯ ಹೆದರಿಕೆ ಎಂದರು. ಆಸ್ಪತ್ರೆಗೆ ಹೋಗೋಣವೆಂದ ಭಾವನಿಗೆ ಅಕ್ಕನೇ ಅಂದಳಂತೆ, "ತಮ್ಮ ಕಲತಾಂವ ಇದ್ದಾನ. ಅಂವಾ ಏನಿಲ್ಲ ಅಂದಾನ." ಕೊನೆಗೆ ಒಯ್ದಾಗ ಅವಳ ಹೃದಯ ಆಪರೇಷನ್ ತಾಳುವ ಹದ ದಾಟಿತ್ತು. ಆಸ್ಪತ್ರೆಯಿಂದ ಅವಳು ಮನೆಗೆ ಮರಳಲಿಲ್ಲ.

ಡಾಕ್ಟರುಗಳು ಈಗಲೂ ಗಂಡಸರನ್ನೇ ಒಳಗೆ ಕರೆಯುತ್ತಾರೆ. ಸೊಲ್ಲಾಪುರದಲ್ಲೂ ನನ್ನನ್ನೇ ಕರೆದಿದ್ದರು. "ಮಾಮಾ," ಎಂದಳು ಹೋಟೆಲಿನ ಮೇಜಿನಾಚೆಯಿಂದ ನೀಲಾ, "ಅವರು ಏನಂದ್ರು? ಅವ್ವಗ ಹೇಳಿದಂಗ ಹೇಳಬ್ಯಾಡ್ರಿ."

"ನಿನಗೂ ಅದೇ ಅದ," ಎಂದೆ. "ಸೋರೂದು ಇನ್ನೂ ಇಲ್ಲ. ಎಂದೂ ಆಗಲಾರದೇ ಇರಬಹುದು, ಆಗಲೂಬಹುದು. ಅವರು ಹೇಳಿದಾಗ ಹೋಗಿ ತೋರಿಸಬೇಕು. ದಮ್ಮು ಹತ್ತಿದ್ರ, ಎದಿ ಹೊಡಕೊಂಡು ಕಣ್ಣಿಗಿ ಕತ್ತಲಿ ಬಂದ್ರ, ಅವತ್ತೇ ಹೋಗಬೇಕು. ಯಾರು ಏನೇ ಅಂದ್ರೂ."

ಅವಳ ಮುಖ ಬಿಳಿಚಿಕೊಂಡಿತು. ಸಮಾಧಾನದ ಮಾತೊಂದು ನನ್ನ ನಾಲಿಗೆಯ ತುದಿಗೆ ಬಂತು, ತಡೆದುಕೊಂಡೆ.

"ಇನ್ನೊಮ್ಮಿ ಹೇಳ್ರಿ," ಎಂದಳು.

ಮೊದಲಿನಿಂದ ಹೇಳಿದೆ.