ಪಟಕಾ ಹಿಡಿಸುವ ಕಾರು

ಆಳಂದದ ಒಂದು ಕಾರು ಶೋರೂಮಿನಲ್ಲಿ ನಾನು ಸೇಲ್ಸ್‌ಮನ್. ನನ್ನ ಹೆಸರಿನಲ್ಲಿ ನಾಲ್ಕು ಗಾಲಿಯದ್ದು ಎಂದರೆ ಮನೆಯ ಗ್ಯಾಸ್ ಸಿಲಿಂಡರಿನ ಟ್ರಾಲಿ ಒಂದೇ. ಆದರೂ ಬೇಸ್, ಮಿಡಲ್, ಟಾಪ್ ಮಾಡೆಲ್‌ಗಳ ಫರಕು ಹೇಳಲು ನಿಂತರೆ, ಹುಟ್ಟಿದ್ದೇ ಹಿಂದಿನ ಸೀಟಿನಲ್ಲಿ ಎನ್ನುವಂತೆ ಮಾತಾಡುತ್ತೇನೆ.

ಭೂಸನೂರಿನ ಶಾಂತಲಿಂಗಪ್ಪ ಕಾಕಾ, ಹೆಂಡತಿ ಗಂಗಾಬಾಯಿಯವರನ್ನು ಕರೆದುಕೊಂಡು ಬಂದ ದಿನವೂ ಹಾಗೇ ಶುರು ಮಾಡಿದೆ. ಕಾಕಾ ಕಬ್ಬು ಬೆಳೆಯುವವರು, ಟ್ರ್ಯಾಕ್ಟರ್ ಹೊಡೆದ ಕೈ, ಆರಡಿ ಆಳು. ಅದರ ಮೇಲೆ ಗೇಣೆತ್ತರದ ಹಳದಿ ರುಮಾಲು, ನಮ್ಮ ಕಡೆಯ ಪಟಕಾ. ಮದುವೆಯಲ್ಲಿ ಸುತ್ತಿದ್ದು ಮಲಗುವಾಗ ಮಾತ್ರ ಇಳಿಯುತ್ತದೆ. ಹಲ್ಲು ಕೀಳಿಸಿಕೊಳ್ಳುವಾಗಲೂ ತಲೆಯ ಮೇಲೇ ಇತ್ತು ಎಂದು ಗಂಗಾಬಾಯಿ ಹೇಳಿದರು.

ಇಬ್ಬರೂ ಅಮಾವಾಸ್ಯೆಗೊಮ್ಮೆ ಬೈಕಿನ ಮೇಲೆ ಘತ್ತರಗಿಯ ಭಾಗ್ಯವಂತಿ ಗುಡಿಗೆ ಹೋಗುತ್ತಿದ್ದರು. ಈಚೆಗೆ ದಾರಿಯಲ್ಲಿ ಪೊಲೀಸರು ನಿಲ್ಲಿಸಿ ಹೆಲ್ಮೆಟ್ ಕೇಳಿದ್ದಾರೆ. ಪಟಕಾದ ಮೇಲೆ ಹೆಲ್ಮೆಟ್ ಕೂರುವುದಿಲ್ಲ, ಪಟಕಾ ತೆಗೆಯಲು ಕಾಕಾ ಒಪ್ಪುವುದಿಲ್ಲ. ಬೈಕು ಅಂದಿನಿಂದ ಕೊಟ್ಟಿಗೆಯಲ್ಲಿದೆ.

“ಬಸ್ಸಿಗರೆ ಹೋಗೂಣು ಅಂದ್ರ, ಗದ್ಲದಾಗ ಪಟಕಾ ಬೀಳ್ತದ ಅಂತಾರ. ದೇವಿ ಮಾರಿ ನೋಡಲಾರದಂಗ ಆಗ್ಯಾದ ನೋಡಪಾ,” ಎಂದರು ಗಂಗಾಬಾಯಿ.

“ಕಾಕಾ, ಟಾಪ್ ಮಾಡೆಲ್ ತಗೋರಿ. ಸನ್‌ರೂಫ್ ಅದ, ದೊಡ್ಡ ಸ್ಕ್ರೀನ್ ಅದ, ಹಿಂದ ಕ್ಯಾಮೆರಾ ಅದ,” ಎಂದೆ. ಅದರಲ್ಲಿ ನನಗೆ ಕಮಿಷನ್ನೂ ಜಾಸ್ತಿ ಅದ ಎಂಬ ಫೀಚರನ್ನು ಮಾತ್ರ ಬಿಟ್ಟೆ.

ಕಾಕಾ ಒಳಗೆ ಕುಳಿತರು. ಸನ್‌ರೂಫ್ ಇದ್ದರೆ ಛಾವಣಿ ಎರಡು ಬೆರಳು ತಗ್ಗು. ಪಟಕಾ ಜಾರಿ ಕಣ್ಣು ಮುಚ್ಚಿತು.

“ಲೇ ತಮ್ಮಾ, ಏನೂ ಕಾಣವಲ್ದು.”

“ತಡೀರಿ, ಸನ್‌ರೂಫ್ ತೆಗೀತೇನಿ.”

ಗುಂಡಿ ಒತ್ತಿದೆ. ಪಟಕಾದ ತುದಿ ಮೇಲೆ ಇಣುಕಿತು.

“ಮಳಿ ಬಂದ್ರ ನಾ ಮ್ಯಾಲ ಹತ್ತಿ ಛತ್ರಿ ಹಿಡೀಲೇನು?” ಗಂಗಾಬಾಯಿ ಸೆರಗು ಬಾಯಿಗೆ ಹಿಡಿದು ನಕ್ಕರು.

ಮಿಡಲ್ ಮಾಡೆಲ್ಲಿಗೆ ಸನ್‌ರೂಫ್ ಇಲ್ಲ, ಸೀಟು ಇಳಿಸುವ ಹಿಡಿಕೆ ಇದೆ. ಪೂರ್ತಿ ಇಳಿಸಿ, ಸ್ಟೀರಿಂಗನ್ನು ಕಾಕಾನ ಕೈಗೇ ಕೊಟ್ಟು ಒಂದು ಸುತ್ತು ಹೊರಟೆವು. ಮೊದಲ ಸ್ಪೀಡ್‌ಬ್ರೇಕರಿಗೇ ಪಟಕಾ ಕಿವಿಗೆ ಬಂತು. ನನ್ನ ಬುದ್ಧಿ ಎಲ್ಲಿತ್ತೋ, “ಕಾರಿನಾಗ ಯಾರ್ ನೋಡ್ತಾರ ಕಾಕಾ? ತೆಗೆದು ತೊಡಿ ಮ್ಯಾಲ ಇಟ್ಕೋರಿ,” ಎಂದುಬಿಟ್ಟೆ.

ಕಾಕಾ ಕಾರು ನಿಲ್ಲಿಸಿದರು. “ನೀ ಪ್ಯಾಂಟ್ ತೆಗೆದು ತೊಡಿ ಮ್ಯಾಲ ಇಟ್ಕೋ. ಯಾರ್ ನೋಡ್ತಾರ?”

ಶೋರೂಮಿಗೆ ಮರಳಿದ ಮೇಲೆ ಕಾಕಾ ನೇರ ಗೇಟಿನ ಕಡೆ ನಡೆದರು. ಗಂಗಾಬಾಯಿ ಮಾತ್ರ ಹಿತ್ತಲ ಮೂಲೆಯ ಕಾರಿನ ಮುಂದೆ ನಿಂತರು. ಚೌಕ ಮೈಯ, ಎತ್ತರ ಛಾವಣಿಯ ಬೇರೆಯೇ ಕಾರು ಅದು, ಅದರಲ್ಲೂ ಬೇಸ್ ಮಾಡೆಲ್. ನಾವೆಲ್ಲ ಅದನ್ನು ತಿಜೋರಿ ಎಂದು ಆಡಿಕೊಳ್ಳುತ್ತಿದ್ದೆವು.

“ಅದು ಬ್ಯಾಡ್ರಿ ಕಾಕು. ಸ್ಕ್ರೀನ್ ಇಲ್ಲ, ಕ್ಯಾಮೆರಾ ಇಲ್ಲ…”

“ನಿನಗ್ಯಾರ ಕೇಳ್ಯಾರ? ರೀ, ಬರ್ರಿಲ್ಲಿ. ಇದರಾಗ ಕುಂದರ್ರಿ.”

ಕಾಕಾ ಒಲ್ಲದ ಮನಸ್ಸಿನಿಂದ ಕುಳಿತರು. ಪಟಕಾಕ್ಕೂ ಛಾವಣಿಗೂ ನಡುವೆ ನನ್ನ ಅಂಗೈ ಆರಾಮಾಗಿ ಹೋಯಿತು. ಊರಿನ ಸ್ಪೀಡ್‌ಬ್ರೇಕರುಗಳನ್ನೆಲ್ಲ ಹುಡುಕಿ ಕಾರು ಹಾಯಿಸಿದೆವು. ಅಲ್ಲಾಡಿದ್ದು ನನ್ನ ಕಮಿಷನ್ ಮಾತ್ರ.

ಅಮಾವಾಸ್ಯೆಯ ಬೆಳಿಗ್ಗೆ ಕಾರು ಒಯ್ಯಲು ಬಂದರು. ಹಾರ, ಕಾಯಿ, ಫೋಟೊ ಎಲ್ಲ ಮುಗಿದರೂ ಕಾಕಾ ಒಳಗಿನ ಕನ್ನಡಿಯನ್ನು ಅತ್ತಿತ್ತ ತಿರುಗಿಸುತ್ತ ಕುಳಿತೇ ಇದ್ದರು.

“ಹಿಂದ ಬರೂ ಗಾಡಿ ನೋಡ್ರಿ. ಪಟಕಾ ಆಮ್ಯಾಲ ನೋಡೀರಂತ,” ಎಂದರು ಗಂಗಾಬಾಯಿ.

“ಎರಡೂ ಕಾಣ್ತಾವ, ಸುಮ್ನ ಕೂಡು,” ಎಂದು ಕಾಕಾ ಘತ್ತರಗಿಯ ದಾರಿ ಹಿಡಿದರು.