ಒಣಕೊಂಬೆಯ ಚಿಗುರು

ಮರ ಸವರುವ ಕೆಲಸದಲ್ಲೇ ತಲೆ ನರೆಸಿಕೊಂಡವನನ್ನು ಎಲ್ಲರೂ ಅಳಿಲಣ್ಣ ಎನ್ನುತ್ತಿದ್ದರು. ಅವನ ಅಕ್ಕನ ಮನೆಯಲ್ಲಿ ಅವಳು ಮಲಗುವ ಕೋಣೆಯ ತಗಡಿನ ಸೂರಿನ ಮೇಲೆ ಒಣಕೊಂಬೆಯೊಂದು ಬಾಗಿತ್ತು. ಅದನ್ನು ಕಡಿಯಲು ಅರಣ್ಯ ಕಚೇರಿಗೆ ಅಲೆದು ಅಲೆದು ಅನುಮತಿ ತಂದಿದ್ದ. ತನ್ನ ರೂಢಿಯಂತೆ ಮೊದಲು ಗರಗಸವಿಲ್ಲದೆ ಬರಿಗೈಯಲ್ಲಿ ಹತ್ತಿ ನೋಡಿದ. ಕೊಂಬೆಯ ತುದಿ ಚಿಗುರಿತ್ತು. ಇಳಿದುಬಂದ.

"ಯಾಕೋ ಇಳಿದೆ?" ಎಂದಳು ಅಕ್ಕ.

"ಒಣಗಿದ್ದನ್ನ ಕಡಿಯೋಕೆ ಅನುಮತಿ ಕೊಟ್ಟಿರೋದು ಕಣಕ್ಕ. ಇದಕ್ಕಿನ್ನೂ ಜೀವ ಇದೆ. ಮತ್ತೆ ಕೇಳ್ಬೇಕು."

"ಚಿಗುರು ಚಿವುಟಿ ಜೇಬಿಗೆ ಹಾಕ್ಕೋ. ಯಾರು ನೋಡ್ತಾರೆ?"

"ನಾನು ನೋಡ್ಬಿಟ್ಟೆನಲ್ಲ."

"ನನ್ನ ತಲೆ ಮೇಲೆ ಬಿದ್ರೆ?"

ಅವನು ಕೊಂಬೆಗೆ ದಪ್ಪ ಕಂಬದ ಆಸರೆ ಕೊಟ್ಟ. ಆದರೂ ಧೈರ್ಯ ಸಾಲದೆ ಅಕ್ಕನ ಹಾಸಿಗೆ ಸುತ್ತಿ ಹೆಗಲಿಗೇರಿಸಿದ. "ಅನುಮತಿ ಬರೋವರೆಗೂ ನಮ್ಮನೇಲಿ ಮಲ್ಕೋ."

"ನಿನ್ನ ಗೊರಕೆ ನಿಲ್ಲಿಸೋಕೆ ಯಾವ ಕಚೇರಿಗೆ ಅರ್ಜಿ ಹಾಕ್ಲಿ?" ಎನ್ನುತ್ತ ಅಕ್ಕ ದಿಂಬನ್ನು ಅವುಚಿಕೊಂಡು ಹಿಂದೆಯೇ ಹೊರಟಳು.